ಬೆಲೆಪಟ್ಟಿಯ ಜೊತೆಗೆ ಜೇನಿನ ಕತೆಯನ್ನೂ ಬರೆಯಿರಿ

ಯಳಂದೂರಿನ ಸಹೋದರಿಗೆ,

ನೀವು ಬಿಳಿಗಿರಿರಂಗನ ಬೆಟ್ಟದ ಜೇನು ಮಾರುತ್ತೀರಿ. ಚಳಿಗಾಲದಲ್ಲಿ ಬಾಟಲಿಯ ತಳ ಹರಳುಗಟ್ಟಿದ್ದನ್ನು ಕಂಡು ಬೆಂಗಳೂರಿನ ಗ್ರಾಹಕರು "ಸಕ್ಕರೆ ಬೆರೆಸಿದ್ದೀರಾ?" ಎಂದು ಕೇಳಿದ್ದು ನಿಮಗೆ ನೋವು ತಂದಿದೆ. ಬ್ಲಾಗ್ ಬರೆದರೆ ವ್ಯಾಪಾರಕ್ಕೆ ಪ್ರಯೋಜನವುಂಟೇ ಎಂದು ಕೇಳಿದ್ದೀರಿ. ಖಂಡಿತ ಉಂಟು. ನಿಮ್ಮ ಮೊದಲ ಬರಹ ಆ ಗ್ರಾಹಕರಿಗೆ ಉತ್ತರವಾಗಲಿ.

ಜೇನಿನಲ್ಲಿರುವ ಗ್ಲೂಕೋಸ್ ತಂಪಿಗೆ ಹರಳಾಗುವುದು ಸಹಜ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ನಿಧಾನವಾಗಿ ಕರಗುತ್ತದೆ. ಹಾಗೆಂದು, ಹರಳುಗಟ್ಟಿದ್ದೆಲ್ಲ ಶುದ್ಧ ಎಂದು ಬರೆಯಬೇಡಿ, ಅದು ಸುಳ್ಳಾಗುತ್ತದೆ. ಪ್ರಯೋಗಾಲಯದ ವರದಿ ಮಾಡಿಸಿ, ಅದರ ಫೋಟೊ ಹಾಕಿ. ಹೆಜ್ಜೇನು ಯಾವುದು, ತುಡುವೆ ಯಾವುದು, ಬಣ್ಣ ಏಕೆ ಬದಲಾಗುತ್ತದೆ: ವಾರಕ್ಕೊಂದು ವಿಷಯ ಸಾಕು. ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದೆಂದೂ ಬರೆಯಿರಿ. ಮಾರುವವರೇ ಇದನ್ನು ಹೇಳಿದಾಗ ನಂಬಿಕೆ ಹುಟ್ಟುತ್ತದೆ.

1999ರಲ್ಲಿ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಬಂದ ಮೇಲೆ ಸಣ್ಣ ವ್ಯಾಪಾರಿಗೂ ಖರ್ಚಿಲ್ಲದೆ ಬರೆಯುವ ಜಾಗ ಸಿಕ್ಕಿತು. ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಗೆ ಮಾಯವಾಗುತ್ತದೆ. ಬ್ಲಾಗಿನ ಬರಹ ಉಳಿಯುತ್ತದೆ, ಹುಡುಕಿದವರಿಗೆ ಮುಂದಿನ ವರ್ಷವೂ ಸಿಗುತ್ತದೆ. ಕನ್ನಡದಲ್ಲೇ ಬರೆಯಿರಿ, ನೀವು ಅಂಗಡಿಯಲ್ಲಿ ಮಾತಾಡುವ ಹಾಗೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಈ ಜೇನನ್ನು ಇಳಿಸುವವರು ಬೆಟ್ಟದ ಆದಿವಾಸಿಗಳಾದ ಸೋಲಿಗರು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿದೆ. ಅವರ ಒಪ್ಪಿಗೆಯಿಲ್ಲದೆ ಹೆಸರು, ಫೋಟೊ ಬಳಸಬೇಡಿ. ಕಿಲೋಗೆ ಅವರಿಗೆ ಎಷ್ಟು ಕೊಟ್ಟಿರಿ ಎಂಬುದನ್ನೂ ದಯವಿಟ್ಟು ಬರೆಯಿರಿ.