ಕಾರಿಗೆ ಪಾಲಿಶ್ ಹಾಕಿಸುವ ಮುನ್ನ

ಭೀಮಸಮುದ್ರದ ಕಡೆಯಿಂದ ಅದಿರು ಲಾರಿಗಳ ಹಿಂದೆಯೇ ಹೊಳಲ್ಕೆರೆಗೆ ಬಂದ ಬಿಳಿ ಕಾರು ಯಾವ ಬಣ್ಣದ್ದೆಂದು ಮಾಲೀಕರನ್ನೇ ಕೇಳಬೇಕು. ಆ ಕೆಂಪು ಧೂಳಿನಲ್ಲಿರುವ ಹೆಮಟೈಟ್ ಕಣ ಕಾರಿನ ಮೇಲ್ಪದರಕ್ಕಿಂತ ಎಷ್ಟೋ ಗಟ್ಟಿ. ಬೆಳಗಾದರೆ ಒಣ ಬಟ್ಟೆ ಹಿಡಿದು ಒರೆಸುವುದೆಂದರೆ ಬಣ್ಣದ ಮೇಲೆ ಉಪ್ಪುಕಾಗದ ಆಡಿಸಿದಂತೆಯೇ. ಬಿಸಿಲಿನಲ್ಲಿ ಬಾನೆಟ್ ಮೇಲೆ ಕಾಣುವ ಸುತ್ತುಸುತ್ತಿನ ಗೀರುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದವಲ್ಲ, ಮನೆ ಮುಂದೆ ಒರೆಸುವಾಗ ಆದವು.

ಗೀರು ತೆಗೆಸಲು ಹಣ ಕೊಡುವ ಮೊದಲು ಉಗುರಿನಿಂದ ನೋಡಿ. ಗೀರಿಗೆ ಅಡ್ಡಲಾಗಿ ಉಗುರು ಎಳೆದಾಗ ಸಿಕ್ಕಿಕೊಂಡರೆ ಅದು ಪಾಲಿಶ್‌ನಿಂದ ಪೂರ್ತಿ ಹೋಗುವ ಗೀರಲ್ಲ. ಸಿಕ್ಕದಿದ್ದರೆ ಮುಂದುವರಿಯಬಹುದು.

ಮೊದಲ ಕೆಲಸ ತೊಳೆಯುವುದು. ಕಾರನ್ನು ನೆರಳಿಗೆ ತಂದು, ಮೈ ತಣ್ಣಗಾದ ಮೇಲೆ ಬರೀ ನೀರು ಹಾಯಿಸಿ ಮಣ್ಣು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೇಲಿನಿಂದ ಕೆಳಗೆ ಬನ್ನಿ, ಚಕ್ರಕ್ಕೆ ಬೇರೆ ಬಟ್ಟೆ ಇರಲಿ. ಬಟ್ಟೆ ಸೋಪಿನ ಪುಡಿ ಬೇಡ, ಅದು ಹಚ್ಚಿದ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಹಿರಿಯೂರು, ಹೊಸದುರ್ಗದ ಗಡಸು ಬೋರ್ ನೀರನ್ನು ಮೈಮೇಲೆ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆ ನಿಲ್ಲುತ್ತದೆ. ಒಂದೊಂದು ಭಾಗ ತೊಳೆದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರು ಹೀರಿಸಿ. ಹೊಸ ಚುಕ್ಕೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒಂದು ನಿಮಿಷ ಇಟ್ಟು ತೊಳೆದರೆ ಸಾಕು. ಆಯುಧಪೂಜೆಗೆ ಬಳಿದ ಅರಿಶಿನ ಕುಂಕುಮವನ್ನೂ ಮಾರನೇ ದಿನವೇ ತೊಳೆಯಿರಿ, ದೇವರೇನೂ ಬೇಸರಿಸಿಕೊಳ್ಳುವುದಿಲ್ಲ.

ತೊಳೆದ ಮೇಲೂ ಕೈಗೆ ಒರಟು ಹತ್ತಿದರೆ ಬ್ರೇಕಿನ ಕಬ್ಬಿಣದ ಪುಡಿ, ಡಾಂಬರು ಅಂಟಿಕೊಂಡಿವೆ ಎಂದರ್ಥ. ಕಬ್ಬಿಣ ಕರಗಿಸುವ ದ್ರಾವಣ ಸಿಂಪಡಿಸಿದರೆ ಪುಡಿ ಇರುವಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಉಳಿದದ್ದಕ್ಕೆ ಜೇಡಿಯಂಥ ಮೆತ್ತನೆಯ ಕ್ಲೇ ಬಾರ್. ಅದನ್ನು ಜಾರುವ ದ್ರವದ ಮೇಲೆಯೇ ಆಡಿಸಬೇಕು. ನೆಲಕ್ಕೆ ಬಿದ್ದ ತುಂಡನ್ನು ಮತ್ತೆ ಬಳಸಬಾರದು.

ಈಗ ಪಾಲಿಶ್. ಕಂಪನಿ ಪೇಂಟು ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಗೀರು ಹೋಗುವುದು ತುಂಬುವುದರಿಂದಲ್ಲ, ಸುತ್ತಲಿನ ಕ್ಲಿಯರ್ ಕೋಟ್ ಸವೆಯುವುದರಿಂದ. ಸವೆದದ್ದು ಮತ್ತೆ ಬರುವುದಿಲ್ಲ. ಆದ್ದರಿಂದ ಕೆಲಸ ಶುರುವಾಗುವ ಮೊದಲು ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ಪ್ರತಿ ಬಾಗಿಲು, ಬಾನೆಟ್, ಟಾಪ್ ಅಳೆಯಬೇಕು. ಒಂದೇ ಬಾಗಿಲು 250, 300 ತೋರಿಸಿದರೆ ಅದು ಹಿಂದೆಂದೋ ಟಿಂಕರಿಂಗ್ ಆಗಿ ಮತ್ತೆ ಪೇಂಟ್ ಕಂಡಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೂ ಈ ಮೀಟರ್ ಒಳ್ಳೆಯ ಸಾಕ್ಷಿ.

ಅಂಚು, ರಬ್ಬರ್, ಪ್ಲಾಸ್ಟಿಕ್ಕಿಗೆ ಟೇಪ್ ಹಚ್ಚಿಸಿ. ಅಂಚಿನಲ್ಲಿ ಪೇಂಟು ತೆಳುವಾಗಿರುವುದರಿಂದ ಸುಡುವುದೂ ಅಲ್ಲೇ. ಎರಡಡಿ ಚೌಕದಲ್ಲಿ ಮೊದಲು ಪರೀಕ್ಷೆ ನಡೆಯಲಿ: ಮೆತ್ತನೆಯ ಪ್ಯಾಡು, ನಯವಾದ ಪಾಲಿಶ್. ಅದರಿಂದ ಆಗದಿದ್ದರೆ ಮಾತ್ರ ಹೆಚ್ಚು ಸವೆಸುವ ಕಾಂಪೌಂಡ್. ತಿರುಗುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಮಷಿನ್ ಬಿಸಿ ಕಡಿಮೆ ಹುಟ್ಟಿಸುತ್ತದೆ. ಬರೀ ಸುತ್ತುವ ರೋಟರಿ ಬೇಗ ಕೊರೆಯುತ್ತದೆ, ಪಳಗದ ಕೈಯಲ್ಲಿ ಬೇಗ ಸುಡುತ್ತದೆ ಕೂಡ.

ಮೋಸ ಹೋಗುವ ಜಾಗ ಇಲ್ಲಿದೆ. ಕೆಲವು ಪಾಲಿಶ್‌ಗಳ ಎಣ್ಣೆ ಗೀರಿನೊಳಗೆ ಕೂತು ಅದನ್ನು ಮರೆಸುತ್ತದೆ. ಅಂಗಡಿಯಲ್ಲಿ ಕನ್ನಡಿಯಂತಿದ್ದ ಕಾರಿನಲ್ಲಿ ನಾಲ್ಕು ಸಲ ತೊಳೆಯುವಷ್ಟರಲ್ಲಿ ಹಳೆ ಗೀರುಗಳೆಲ್ಲ ಹಾಜರ್. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿಸಿ, ಬಿಸಿಲಿಗೆ ತಂದು ನೋಡಿಯೇ ಹಣ ಕೊಡಿ.

ಕೊನೆಗೆ ರಕ್ಷಣೆಯ ಪದರ. ವ್ಯಾಕ್ಸ್ ಅಗ್ಗ, ಆದರೆ ನಮ್ಮ ಬಿಸಿಲಿಗೆ ಬೇಗ ಕರಗುತ್ತದೆ. ಸೆರಾಮಿಕ್ ಕೋಟಿಂಗ್ ಹೆಚ್ಚು ದಿನ ಬಾಳುತ್ತದೆ. ‘9ಎಚ್’ ಎಂಬುದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆ, ಕಲ್ಲು ಸಿಡಿದರೆ ತಡೆಯುವ ಭರವಸೆಯಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವೂ ಓಡಾಡುವವರು ಮುಂಭಾಗಕ್ಕೆ ಪೇಂಟನ್ನು ಕಾಯುವ ಪಾರದರ್ಶಕ ಹಾಳೆ (ಪಿಪಿಎಫ್) ಹಾಕಿಸುವುದು ಮೇಲು.

ಅಳೆಯುವ ಮೀಟರ್ ಇಲ್ಲದ ಅಂಗಡಿಯಲ್ಲಿ ಕಾರು ತೊಳೆಸಿ, ವ್ಯಾಕ್ಸ್ ಹಾಕಿಸಿ. ಮಷಿನ್ ಮಾತ್ರ ಇಡಿಸಬೇಡಿ.