ಏರ್ ಫ್ಲೋ ಸೆನ್ಸರ್: ಶುಚಿಗೊಳಿಸುವುದೋ, ಬದಲಾಯಿಸುವುದೋ?

ಕೊಳ್ಳೇಗಾಲ ಮತ್ತು ಹನೂರು ಭಾಗದ ವರ್ತಕರಿಗೆ ಮಲೆ ಮಹದೇಶ್ವರ ಬೆಟ್ಟದ ಮೂಲಕ ಪಾಲಾರ್ ಗಡಿಯನ್ನು ದಾಟಿ ಮೆಟ್ಟೂರಿನತ್ತ ಸಾಗುವ ಮಾರ್ಗವು ಚಿರಪರಿಚಿತ. ಕಾಡಿನ ನಡುವಿನ ಈ ಘಟ್ಟದ ರಸ್ತೆಯಲ್ಲಿ ವಾಹನವು ಏರು ಹತ್ತಲಾರದೆ ನಿಂತರೆ ರಿಪೇರಿಯ ಖರ್ಚಿನೊಡನೆ ಒಂದು ದಿನದ ವ್ಯಾಪಾರವೂ ನಷ್ಟವಾಗುತ್ತದೆ. ಇಂತಹ ಶಕ್ತಿಹೀನತೆಗೆ ಕೆಲವೊಮ್ಮೆ ಕಾರಣವಾಗುವುದು ಏರ್ ಫಿಲ್ಟರ್‌ನ ಹಿಂದಿನ ಕೊಳವೆಯಲ್ಲಿರುವ ಏರ್ ಫ್ಲೋ ಸೆನ್ಸರ್ ಎಂಬ ಚಿಕ್ಕ ಉಪಕರಣ.

ಇದರೊಳಗಿನ ಸೂಕ್ಷ್ಮ ತಂತಿ ಅಥವಾ ತೆಳುಪದರವನ್ನು ವಿದ್ಯುತ್ತಿನಿಂದ ಬಿಸಿಯಾಗಿಡಲಾಗುತ್ತದೆ. ಒಳಬರುವ ಗಾಳಿಯು ಅದನ್ನು ತಣಿಸುತ್ತದೆ. ಆ ತಣಿವಿನ ಪ್ರಮಾಣದಿಂದ ಇಸಿಯು ಗಾಳಿಯ ತೂಕವನ್ನು ತಿಳಿದು ಇಂಧನವನ್ನು ನಿರ್ಧರಿಸುತ್ತದೆ. ತಂತಿಯ ಮೇಲೆ ಧೂಳು, ಎಣ್ಣೆಯ ಅಂಶ ಕುಳಿತರೆ ಅಳತೆ ತಪ್ಪುತ್ತದೆ. ಆಗ ಎಳೆತ ಕುಗ್ಗುವುದು, ಐಡಲ್ ಏರಿಳಿಯುವುದು, ಇಂಧನ ಹೆಚ್ಚು ಖರ್ಚಾಗುವುದು, ಎಚ್ಚರಿಕೆಯ ದೀಪ ಬೆಳಗುವುದು ಮುಂತಾದ ಲಕ್ಷಣಗಳು ಕಾಣುತ್ತವೆ.

ಆದರೆ ಇವೇ ಲಕ್ಷಣಗಳು ಬೇರೆ ದೋಷಗಳಿಂದಲೂ ಉಂಟಾಗಬಹುದು. ಸ್ಕ್ಯಾನರ್‌ನಲ್ಲಿ ಪಿ0101 ಅಥವಾ ಪಿ0102 ಸಂಕೇತ ಬಂದೊಡನೆ ಹೊಸ ಸೆನ್ಸರ್ ಕೊಳ್ಳುವುದು ಉಚಿತವಲ್ಲ. ಸಂಕೇತವು ಎಲ್ಲಿ ಹುಡುಕಬೇಕೆಂಬುದನ್ನಷ್ಟೇ ಸೂಚಿಸುತ್ತದೆ. ಏರ್ ಫಿಲ್ಟರ್, ಸೆನ್ಸರ್‌ನಿಂದ ಇಂಜಿನ್‌ವರೆಗಿನ ಕೊಳವೆಯ ಬಿರುಕು, ಸಡಿಲವಾದ ಕ್ಲಿಪ್, ವೈರಿಂಗ್ ಮತ್ತು ಕನೆಕ್ಟರ್‌ಗಳನ್ನು ಮೊದಲು ಪರೀಕ್ಷಿಸತಕ್ಕದ್ದು. ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಉಪಕರಣದ ಬದಲಿಗೆ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆಂಬುದನ್ನೂ ಗಮನಿಸಬೇಕು.

ಶುಚಿಗೊಳಿಸುವ ಕ್ರಮ ಹೀಗಿದೆ:

1. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಕನೆಕ್ಟರ್ ಬಿಡಿಸಿ ಸೆನ್ಸರನ್ನು ಹೊರತೆಗೆಯಬೇಕು.
2. ಏರ್ ಫ್ಲೋ ಸೆನ್ಸರ್‌ಗೆಂದೇ ತಯಾರಾದ ಸ್ಪ್ರೇಯನ್ನು ಮಾತ್ರ ಬಳಸಬೇಕು. ಕಾರ್ಬುರೇಟರ್ ಅಥವಾ ಬ್ರೇಕ್ ಕ್ಲೀನರ್‌ನಿಂದ ಸೆನ್ಸರ್ ಕೆಡಬಹುದು.
3. ತಂತಿಯನ್ನು ಬೆರಳು, ಬಟ್ಟೆ, ಬ್ರಷ್‌ಗಳಿಂದ ಮುಟ್ಟಕೂಡದು. ಕಂಪ್ರೆಸರ್ ಗಾಳಿಯನ್ನೂ ಹಾಯಿಸಕೂಡದು.
4. ತಾನಾಗಿ ಪೂರ್ಣ ಒಣಗಿದ ನಂತರ, ಗಾಳಿಯ ದಿಕ್ಕನ್ನು ತೋರುವ ಬಾಣದ ಗುರುತಿನಂತೆ ಮರಳಿ ಜೋಡಿಸಿ, ಸಂಕೇತವನ್ನು ಅಳಿಸಬೇಕು.

ಬಳಿಕ ವಾಹನವನ್ನು ಓಡಿಸಿ, ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಸ್ಕ್ಯಾನರ್ ತೋರುವ ಅಳತೆಯನ್ನು ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ವ್ಯತ್ಯಾಸ ಹಾಗೆಯೇ ಉಳಿದರೆ, ಅಥವಾ ತಂತಿ ತುಂಡಾಗಿದ್ದರೆ, ಬದಲಾವಣೆಯೇ ಮಾರ್ಗ. ಆಗ ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ ಮತ್ತು ವಾರಂಟಿಯೊಡನೆ ಕೊಳ್ಳುವುದು ಕ್ಷೇಮ. ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಏಕರೂಪಗೊಳಿಸಲಾಗಿದೆ. ಬಿಲ್ಲಿನಲ್ಲಿ ಇದನ್ನು ಪರಿಶೀಲಿಸಿಕೊಳ್ಳಬೇಕು. ಅಗ್ಗದ ನಕಲಿ ಸೆನ್ಸರ್ ತಪ್ಪು ಅಳತೆಯನ್ನೇ ನೀಡಿದರೆ ಉಳಿಸಿದ ಹಣ ಇಂಧನದಲ್ಲಿ ಕರಗುವುದು.

ಕ್ವಾರಿ ಮತ್ತು ಮಣ್ಣಿನ ರಸ್ತೆಗಳಲ್ಲಿ ಓಡಾಡುವ ವಾಹನಗಳ ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಮೊದಲೇ ನೋಡುವುದು ಒಳ್ಳೆಯದು. ಸೆನ್ಸರ್‌ಗೆ ಧೂಳು ತಲುಪದಂತೆ ತಡೆಯುವುದು ಅದನ್ನು ತೊಳೆಯುವುದಕ್ಕಿಂತ ಕಡಿಮೆ ಖರ್ಚಿನ ಕೆಲಸ.