ಕೀಬೋರ್ಡಿನ ಕಿಂಡಿಗಳು: ಮೊದಲು ಓದಿ, ಆಮೇಲೆ ಜೋಡಿಸಿ

ಮಕ್ಕಳೇ, ಸ್ವಾತಂತ್ರ್ಯೋತ್ಸವಕ್ಕೆ ಇನ್ನು ಎರಡೇ ದಿನ ಇದೆ ಎಂದುಕೊಳ್ಳಿ. ಹಳೆಯ ವಿದ್ಯಾರ್ಥಿಗಳು ನಿಮ್ಮ ಶಾಲೆಗೆ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಕೊಟ್ಟಿದ್ದಾರೆ. ವಾದ್ಯ ಬಂದಿದೆ, ಆದರೆ ಅದರ ಅಡಾಪ್ಟರ್ ಎಲ್ಲೋ ಕಳೆದುಹೋಗಿದೆ. ಯಾರೋ ಹಳೆಯ ಲ್ಯಾಪ್‌ಟಾಪ್ ಒಂದರ ಅಡಾಪ್ಟರ್ ತಂದರು. ಪಿನ್ನು ಸಲೀಸಾಗಿ ಒಳಗೆ ಹೋಯಿತು. ಸ್ವಿಚ್ ಹಾಕಿದರು. ದೀಪ ಒಮ್ಮೆ ಮಿನುಗಿ ಆರಿತು. ಆಮೇಲೆ ಆ ವಾದ್ಯ ದನಿ ಎತ್ತಲೇ ಇಲ್ಲ.

ತಪ್ಪು ಎಲ್ಲಿ ಆಯಿತು? ಪಿನ್ನು ತೂತಿಗೆ ಹೊಂದಿತು ನಿಜ. ಆದರೆ ಅದರಲ್ಲಿ ಹರಿದ ವಿದ್ಯುತ್ತು ವಾದ್ಯಕ್ಕೆ ಹೊಂದಲಿಲ್ಲ. ಆದ್ದರಿಂದ ಯಾವುದೇ ಸಾಧನದ ಕಿಂಡಿಗೆ ವೈರು ಜೋಡಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇಲ್ಲಿ ಹರಿಯುವುದು ಏನು? ಎಷ್ಟು? ಯಾವ ಕಡೆಗೆ? ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಕೀಬೋರ್ಡಿನ ಹಿಂಬದಿಗೆ ಹೋಗೋಣ ಬನ್ನಿ.

ಒಳಗೆ ಏನಿದೆ?

ಹಾರ್ಮೋನಿಯಂನಲ್ಲಿ ತಿದಿಯ ಗಾಳಿಯು ಹಿತ್ತಾಳೆಯ ರೀಡುಗಳನ್ನು ಕಂಪಿಸುವಂತೆ ಮಾಡುತ್ತದೆ. ಕೀಬೋರ್ಡಿನಲ್ಲಿ ರೀಡೂ ಇಲ್ಲ, ತಂತಿಯೂ ಇಲ್ಲ. ಅದರ ಪ್ರತಿಯೊಂದು ಮನೆಯೂ ಒಂದು ಸ್ವಿಚ್. ಹಾರ್ಮೋನಿಯಂ ನುಡಿಸುವವರು ಒತ್ತುವ ಕೀಲಿಯನ್ನು ‘ಮನೆ’ ಎನ್ನುತ್ತಾರೆ, ನಾವೂ ಹಾಗೇ ಕರೆಯೋಣ. ಮನೆಯನ್ನು ಒತ್ತಿದಾಗ ‘ಇಂಥ ಸ್ವರ ಬೇಕು’ ಎಂಬ ಸುದ್ದಿ ಒಳಗಿನ ಚಿಪ್‌ಗೆ ಹೋಗುತ್ತದೆ. ಪಿಯಾನೊ, ಕೊಳಲು, ತಬಲಾ ಮುಂತಾದ ವಾದ್ಯಗಳ ಧ್ವನಿ ಅಲ್ಲಿ ಅಂಕಿಗಳ ರೂಪದಲ್ಲಿ ಸಂಗ್ರಹವಾಗಿರುತ್ತದೆ. ಸಿ.ಡಿ.ಯಲ್ಲಿ ಒಂದೇ ಸೆಕೆಂಡಿನ ಧ್ವನಿಯನ್ನು ಹಿಡಿದಿಡಲು 44,100 ಬಾರಿ ಅಳೆದು ಬರೆಯುತ್ತಾರೆ ಎಂದರೆ ಈ ಅಂಕಿಗಳ ರಾಶಿ ಎಷ್ಟಿರಬಹುದು, ಊಹಿಸಿ!

ಚಿಪ್ ಈ ಅಂಕಿಗಳನ್ನು ಏರಿಳಿಯುವ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಆಂಪ್ಲಿಫೈಯರ್ ಆ ಸಂಕೇತವನ್ನು ಬಲಪಡಿಸುತ್ತದೆ. ಸ್ಪೀಕರಿನಲ್ಲಿ ಕಾಂತದ ಪಕ್ಕದ ತಂತಿಯ ಸುರುಳಿ ಹಿಂದೆ ಮುಂದೆ ಅಲುಗಿ ಕಾಗದದ ಶಂಕುವನ್ನು ಕಂಪಿಸುತ್ತದೆ. ಆಗಲೇ ನಮಗೆ ಶಬ್ದ ಕೇಳಿಸುವುದು. ಅಂದರೆ ಸ್ಪೀಕರ್ ತಲುಪುವವರೆಗೂ ಅದು ಬರೀ ವಿದ್ಯುತ್ತು!

ಮೊದಲ ಕಿಂಡಿ: ವಿದ್ಯುತ್ತು ಒಳಬರುವ ದಾರಿ

ಇದರ ಪಕ್ಕದಲ್ಲಿ ‘ಡಿಸಿ ಇನ್’ ಎಂದು ಬರೆದಿರುತ್ತದೆ. ನಮ್ಮ ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಅದು ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತಿರುತ್ತದೆ. ಕೀಬೋರ್ಡಿಗೆ ಬೇಕಾದದ್ದು 9 ಅಥವಾ 12 ವೋಲ್ಟಿನಂತಹ ಕಡಿಮೆ ಒತ್ತಡದ, ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ತು. ಈ ಮಾರ್ಪಾಟು ಮಾಡುವುದೇ ಅಡಾಪ್ಟರಿನ ಕೆಲಸ.

ಅಡಾಪ್ಟರಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಬರೆದಿರುವುದನ್ನು ಓದಿ. ‘ಔಟ್‌ಪುಟ್’ ಎಂಬಲ್ಲಿ ಇರುವುದನ್ನು ವಾದ್ಯದ ಮೇಲೆ ಬರೆದಿರುವುದರೊಂದಿಗೆ ಹೋಲಿಸಿ. ಮೂರು ಸಂಗತಿ ಹೊಂದಬೇಕು:

1. ವೋಲ್ಟ್ ಎರಡರಲ್ಲೂ ಒಂದೇ ಆಗಿರಬೇಕು. ಮೇಲಿನ ಕಥೆಯ ಲ್ಯಾಪ್‌ಟಾಪ್ ಅಡಾಪ್ಟರ್ 19 ವೋಲ್ಟಿನದು. ವಾದ್ಯ 12 ವೋಲ್ಟಿನದು.
2. ಅಡಾಪ್ಟರಿನ ಆಂಪಿಯರ್ ವಾದ್ಯಕ್ಕೆ ಬೇಕಾದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು.
3. ಪಿನ್ನಿನ ಧನ, ಋಣ ಧ್ರುವಗಳು ಹೊಂದಬೇಕು. ನಡುವೆ ಚುಕ್ಕೆ, ಸುತ್ತ ಅರ್ಧವೃತ್ತ ಇರುವ ಚಿತ್ರವೊಂದು ಅಲ್ಲಿರುತ್ತದೆ. ಚುಕ್ಕೆಗೆ ಸೇರಿದ ಗೆರೆಯ ತುದಿಯಲ್ಲಿ + ಇದ್ದರೆ ನಡುವಿನದು ಧನ, – ಇದ್ದರೆ ಋಣ. ಇಂದಿನ ಅನೇಕ ಕೀಬೋರ್ಡುಗಳಲ್ಲಿ ನಡುವಿನದು ಧನ. ಆದರೆ ಕ್ಯಾಸಿಯೋದ ಹಳೆಯ ಅನೇಕ ಮಾದರಿಗಳಲ್ಲಿ ಅದು ಋಣ. ಆದ್ದರಿಂದ ಅಂದಾಜು ಮಾಡಬೇಡಿ, ನೋಡಿ.

ವೋಲ್ಟ್ ಸಮ ಇರಬೇಕು, ಆಂಪಿಯರ್ ಮಾತ್ರ ಹೆಚ್ಚಿದ್ದರೂ ನಡೆಯುತ್ತದೆ. ಇದೇಕೆ? ಊರಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಟ್ಯಾಂಕು ಎಷ್ಟೇ ದೊಡ್ಡದಿದ್ದರೂ ನಿಮ್ಮ ಮನೆಯ ನಲ್ಲಿಯಲ್ಲಿ ಬರುವಷ್ಟೇ ನೀರು ಬರುತ್ತದೆ. ಆದರೆ ಟ್ಯಾಂಕನ್ನು ಅತಿ ಎತ್ತರಕ್ಕೆ ಏರಿಸಿದರೆ ಒತ್ತಡ ಹೆಚ್ಚಿ ಕೊಳವೆ ಒಡೆಯಬಹುದು. ಟ್ಯಾಂಕಿನ ಎತ್ತರ ವೋಲ್ಟಿನಂತೆ. ಅದು ಒದಗಿಸಬಲ್ಲ ನೀರು ಆಂಪಿಯರಿನಂತೆ.

ಅನೇಕ ಕೀಬೋರ್ಡುಗಳು ಸೆಲ್ಲುಗಳಿಂದಲೂ ನಡೆಯುತ್ತವೆ. 1.5 ವೋಲ್ಟಿನ 6 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 9 ವೋಲ್ಟ್ ಆಗುತ್ತದೆ. ಕರೆಂಟು ಹೋಗುವ ಊರಿನಲ್ಲಿ ಇದು ಬಹಳ ಉಪಯುಕ್ತ. ಬಹಳ ದಿನ ನುಡಿಸದಿದ್ದರೆ ಸೆಲ್ಲುಗಳನ್ನು ತೆಗೆದಿಡಿ. ಸೋರಿದ ಸೆಲ್ಲು ಲೋಹದ ಪಟ್ಟಿಗಳನ್ನು ತಿಂದುಹಾಕುತ್ತದೆ.

ಎರಡನೆಯ ಕಿಂಡಿ: ಧ್ವನಿ ಸಂಕೇತ ಹೊರಹೋಗುವ ದಾರಿ

‘ಫೋನ್ಸ್’ ಅಥವಾ ‘ಔಟ್‌ಪುಟ್’ ಎಂದಿರುವ ಕಿಂಡಿಗೆ ಹೆಡ್‌ಫೋನ್ ಹಾಕಬಹುದು. ಇಲ್ಲಿ ಎರಡು ಅಳತೆಯ ಪಿನ್ನುಗಳುಂಟು: ಮೊಬೈಲಿನ ಇಯರ್‌ಫೋನಿಗೆ ಇರುವಂಥ 3.5 ಮಿಲಿಮೀಟರಿನದು, ಇನ್ನೊಂದು 6.35 ಮಿಲಿಮೀಟರಿನ ದಪ್ಪ ಪಿನ್ನು. ಪಿನ್ನು ಒಳಹೋದೊಡನೆ ಸಾಮಾನ್ಯವಾಗಿ ವಾದ್ಯದ ಸ್ವಂತ ಸ್ಪೀಕರ್ ಸುಮ್ಮನಾಗುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ. ಸಂಕೇತದ ದಾರಿ ಬದಲಾಗಿದೆ, ಅಷ್ಟೆ.

ಇಡೀ ಮೈದಾನಕ್ಕೆ ಕೇಳಿಸಬೇಕಾದರೆ ಇದೇ ಕಿಂಡಿಯಿಂದ ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ವೈರು ಎಳೆಯಬೇಕು. ಆಂಪ್ಲಿಫೈಯರಿನ ಯಾವ ಕಿಂಡಿಗೆ? ‘ಮೈಕ್’ ಎಂದಿರುವುದಕ್ಕೆ ಅಲ್ಲ, ‘ಆಕ್ಸ್’ ಅಥವಾ ‘ಲೈನ್’ ಎಂದಿರುವುದಕ್ಕೆ. ಮೈಕಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟುಗಳಷ್ಟು ದುರ್ಬಲ. ಆದ್ದರಿಂದ ಮೈಕ್ ಕಿಂಡಿ ಅದನ್ನು ಬಹಳ ಪಟ್ಟು ಹಿಗ್ಗಿಸುತ್ತದೆ. ಕೀಬೋರ್ಡಿನ ಸಂಕೇತ ಅದಕ್ಕಿಂತ ನೂರಾರು ಪಟ್ಟು ಬಲವಾಗಿರಬಹುದು. ಅದನ್ನೂ ಹಾಗೆಯೇ ಹಿಗ್ಗಿಸಿದರೆ ಸ್ವರ ಒಡೆದು ಕರ್ಕಶವಾಗುತ್ತದೆ. ಆಂಪ್ಲಿಫೈಯರಿನ ‘ಸ್ಪೀಕರ್’ ತಿರುಪುಗಳಿಗಂತೂ ಕೀಬೋರ್ಡನ್ನು ಎಂದೂ ಜೋಡಿಸಕೂಡದು. ಅಲ್ಲಿಂದ ವಿದ್ಯುತ್ತು ಹೊರಬರುತ್ತದೆಯೇ ಹೊರತು ಒಳಹೋಗುವುದಿಲ್ಲ. ಯಾವ ಕಡೆಗೆ ಎಂಬ ಪ್ರಶ್ನೆ ಇಲ್ಲಿ ಎಷ್ಟು ಮುಖ್ಯ, ನೋಡಿದಿರಾ?

ಸ್ವಿಚ್ ಹಾಕುವ ಕ್ರಮ

ಮೊದಲು ಎಲ್ಲ ವೈರುಗಳನ್ನೂ ಜೋಡಿಸಿ. ಎರಡರ ವಾಲ್ಯೂಮನ್ನೂ ಸೊನ್ನೆಗೆ ಇಳಿಸಿ. ಬಳಿಕ ಕೀಬೋರ್ಡ್, ಕೊನೆಗೆ ಆಂಪ್ಲಿಫೈಯರ್. ಆರಿಸುವಾಗ ಇದಕ್ಕೆ ತಿರುಗಾಮುರುಗಾ: ಮೊದಲು ಆಂಪ್ಲಿಫೈಯರ್, ಆಮೇಲೆ ಕೀಬೋರ್ಡ್. ಸಾಧನವನ್ನು ಹೊತ್ತಿಸುವಾಗ, ಆರಿಸುವಾಗ ಸಂಕೇತದಲ್ಲಿ ಒಂದು ಜಿಗಿತ ಉಂಟಾಗುತ್ತದೆ. ಆಂಪ್ಲಿಫೈಯರ್ ಎಚ್ಚರವಾಗಿದ್ದರೆ ಅದು ‘ಢಬ್’ ಎಂದು ಸ್ಪೀಕರಿಗೆ ಬಡಿಯುತ್ತದೆ. ಅದು ಸ್ಪೀಕರಿಗೂ ಕೇಡು, ಹತ್ತಿರ ಕುಳಿತವರ ಕಿವಿಗೂ ಕೇಡು.

ಉಳಿದ ಕಿಂಡಿಗಳು

‘ಸಸ್ಟೇನ್’ ಕಿಂಡಿಗೆ ಕಾಲಿನಿಂದ ಒತ್ತುವ ಪೆಡಲ್ ಸೇರುತ್ತದೆ. ಅದೂ ಒಂದು ಸ್ವಿಚ್ಚೇ. ಒತ್ತಿಹಿಡಿದರೆ ಸ್ವರ ತಕ್ಷಣ ನಿಲ್ಲದೆ ಮೆಲ್ಲಗೆ ಕರಗುತ್ತದೆ. ವಾದ್ಯವನ್ನು ಹೊತ್ತಿಸುವಾಗ ಪೆಡಲನ್ನು ತುಳಿದಿರಬೇಡಿ. ಕೆಲವು ಕೀಬೋರ್ಡುಗಳು ಆ ಕ್ಷಣದ ಸ್ಥಿತಿಯನ್ನೇ ‘ಒತ್ತದ ಸ್ಥಿತಿ’ ಎಂದು ತಿಳಿದು ಪೆಡಲನ್ನು ತಲೆಕೆಳಗಾಗಿ ಅರ್ಥಮಾಡಿಕೊಳ್ಳುತ್ತವೆ.

‘ಮಿಡಿ’ ಅಥವಾ ಯುಎಸ್‌ಬಿ ಕಿಂಡಿ ಕಂಪ್ಯೂಟರಿಗೆ ಜೋಡಿಸಲು. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಈ ಭಾಷೆಯಲ್ಲಿ ಹರಿಯುವುದು ಧ್ವನಿಯಲ್ಲ, ಸುದ್ದಿ! ‘69ನೇ ಸ್ವರ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು’ ಎಂಬಂಥ ಅಂಕಿಗಳು. 69 ಎಂದರೆ ಸೆಕೆಂಡಿಗೆ 440 ಕಂಪನಗಳ ಸ್ವರ. ಅಲ್ಲಿಂದ 12 ಮನೆ ಮೇಲೆ ಹೋದರೆ ಕಂಪನಗಳು ಇಮ್ಮಡಿಯಾಗಿ 880 ಆಗುತ್ತವೆ.

ಮಾಡಿ ನೋಡಿ

1. ಬಟ್ಟಲಿನ ಬಾಯಿಗೆ ಒಡೆದ ಬಲೂನನ್ನು ಬಿಗಿಯಾಗಿ ಎಳೆದು ಕಟ್ಟಿ. ಮೇಲೆ ನಾಲ್ಕು ರಾಗಿ ಕಾಳು ಹಾಕಿ ಸ್ಪೀಕರಿನ ಹತ್ತಿರ ಹಿಡಿಯಿರಿ. ಎಡತುದಿಯ ಮನೆಗಳನ್ನೂ ಬಲತುದಿಯ ಮನೆಗಳನ್ನೂ ಒಂದೊಂದಾಗಿ ಒತ್ತಿ. ಕಾಳುಗಳು ಯಾವಾಗ ಹೆಚ್ಚು ಕುಣಿಯುತ್ತವೆ? ಬರೆದಿಡಿ.
2. ಮೂರು ಕರಿಮನೆಗಳು ಒಟ್ಟಿಗೆ ಇರುವಲ್ಲಿ ಎಡಗಡೆಯದನ್ನು ‘ಸ’ ಎಂದುಕೊಳ್ಳಿ. ಬಿಳಿಮನೆ ಮುಟ್ಟದೆ ಬಲಕ್ಕೆ ಒಂದೊಂದೇ ಕರಿಮನೆ ಒತ್ತುತ್ತಾ ಹೋಗಿ. ಸ ರಿ ಗ ಪ ದ ಸ ಕೇಳಿಸುತ್ತದೆ. ಇವೇ ಮೋಹನ ರಾಗದ ಸ್ವರಗಳು!

ನಿಮಗಿದು ಗೊತ್ತೆ?

ಸಂಗೀತ ಕಛೇರಿಗಳಲ್ಲಿ ಕಾಣುವ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯೂ ಕೀಬೋರ್ಡಿನ ಬಂಧುವೇ. ಅದನ್ನು ರೂಪಿಸಿ ಹೆಸರಾದವರು ಬೆಂಗಳೂರಿನ ಜಿ. ರಾಜ್ ನಾರಾಯಣ್.

ಎಚ್ಚರಿಕೆ

ಗೋಡೆಯ ಪ್ಲಗ್ಗಿಗೆ ಅಡಾಪ್ಟರ್ ಹಾಕುವ ಕೆಲಸ ಶಿಕ್ಷಕರದು. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಸುಲಿದ ವೈರನ್ನು ಬಳಸಬೇಡಿ. ಮಳೆಹನಿ ಬೀಳುವ ಕಡೆ ವಾದ್ಯ ಇಡಬೇಡಿ. ಪಿನ್ನನ್ನು ಕೀಳುವಾಗ ವೈರನ್ನು ಜಗ್ಗದೆ ಬುಡವನ್ನು ಹಿಡಿದು ಎಳೆಯಿರಿ. ಹೆಡ್‌ಫೋನನ್ನು ವಾಲ್ಯೂಮ್ ಇಳಿಸಿದ ಮೇಲೆಯೇ ಕಿವಿಗೆ ಹಾಕಿಕೊಳ್ಳಿ.

ಯೋಚಿಸಿ ಉತ್ತರಿಸಿ

1. ವಾದ್ಯಕ್ಕೆ ಬೇಕಾದದ್ದು 12 ವೋಲ್ಟ್, 1 ಆಂಪಿಯರ್, ನಡುವೆ ಧನ. ನಿಮ್ಮ ಬಳಿ ಮೂರು ಅಡಾಪ್ಟರುಗಳಿವೆ. ಅ) 12 ವೋಲ್ಟ್, 2 ಆಂಪಿಯರ್, ನಡುವೆ ಧನ. ಆ) 12 ವೋಲ್ಟ್, 1 ಆಂಪಿಯರ್, ನಡುವೆ ಋಣ. ಇ) 9 ವೋಲ್ಟ್, 2 ಆಂಪಿಯರ್, ನಡುವೆ ಧನ. ಯಾವುದು ಸರಿ?
2. 1.5 ವೋಲ್ಟಿನ 6 ಸೆಲ್ಲುಗಳಲ್ಲಿ ಒಂದನ್ನು ತಿರುಗಿಸಿ ಹಾಕಿದರೆ ಒಟ್ಟು ಎಷ್ಟು ವೋಲ್ಟ್? ಲೆಕ್ಕ ಮಾತ್ರ ಮಾಡಿ, ವಾದ್ಯದಲ್ಲಿ ಮಾಡಿ ನೋಡಬೇಡಿ.
3. ಮಿಡಿ ಕಿಂಡಿಯಿಂದ ಆಂಪ್ಲಿಫೈಯರಿಗೆ ವೈರು ಎಳೆದರೆ ಹಾಡು ಕೇಳಿಸುವುದಿಲ್ಲ. ಏಕೆ?

ಉತ್ತರ: 1) ಅ. 2) 6 ವೋಲ್ಟ್. ಐದು ಸೆಲ್ಲುಗಳ 7.5ರಲ್ಲಿ ತಿರುಗಿದ ಸೆಲ್ಲಿನ 1.5 ಕಳೆಯುತ್ತದೆ. 3) ಅಲ್ಲಿ ಹರಿಯುವುದು ಧ್ವನಿ ಸಂಕೇತವಲ್ಲ, ಬರೀ ಸುದ್ದಿ.